ಗಜಕಡ್ಡಿ ಅಧ್ಯಕ್ಷರು ಮತ್ತು ಮೂರನೇ ಮಹಡಿಯ ಬಿರುಕು

ನಮ್ಮ ಬಟ್ಟೆ ಮಾರುಕಟ್ಟೆಯ ಅಧ್ಯಕ್ಷರನ್ನು ಬೆನ್ನ ಹಿಂದೆ ಎಲ್ಲರೂ ಗಜಕಡ್ಡಿ ಎಂದೇ ಕರೆಯುತ್ತಿದ್ದರು. ಬಟ್ಟೆ ಅಳೆಯುವ ಆ ಕಡ್ಡಿಯ ಹಾಗೇ ಉದ್ದಕ್ಕೆ, ಸಣ್ಣಗೆ, ನೆಟ್ಟಗೆ ಇದ್ದರು. ಅವರನ್ನು ಆರಿಸಿದವರು ನಾವೇ. ಬೇರೆ ಯಾರಿಗೂ ಆ ಕುರ್ಚಿ ಬೇಕಿರಲಿಲ್ಲ, ಇವರಿಗೆ ಬೇಡವೆನ್ನಲು ಬರಲಿಲ್ಲ.

ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಬಾಗಿಲ ಮುಂದೆ ಎರಡು ನಿಮಿಷ ಕಣ್ಣು ಮುಚ್ಚಿ ನಿಲ್ಲುವುದು ಅವರ ರೂಢಿ. "ಏನ್ ಬೇಡ್ಕೋತೀರಿ ಅಧ್ಯಕ್ಷರೇ, ಗಿರಾಕೀನಾ?" ಎಂದು ಒಮ್ಮೆ ಕೆಣಕಿದ್ದೆ.

"ಗಿರಾಕಿ ನೀವು ಬಿಟ್ಟರೆ ತಾನೇ ನನ್ನ ಹತ್ರ ಬರೋದು, ಸಾಹುಕಾರರೇ. ಹೆದರಿಕೊಂಡು ಸುಳ್ಳು ಹೇಳದ ಹಾಗೆ ನೋಡ್ಕೋಪ್ಪಾ ಅಂತೀನಿ, ಅಷ್ಟೇ."

ಬಟ್ಟೆ ವ್ಯಾಪಾರಿಗೆ ಇದೆಂಥ ಬೇಡಿಕೆ ಎಂದು ನಕ್ಕಿದ್ದೆ.

ಮಾರುಕಟ್ಟೆಯ ಮೂರನೇ ಮಹಡಿ, ಅಂದರೆ ಎಲ್ಲಕ್ಕಿಂತ ಮೇಲಿನದು, ನಮ್ಮೆಲ್ಲರ ಗೋದಾಮು. ಸೂರು ಮುಟ್ಟುವಷ್ಟು ಮೂಟೆಗಳು, ಅವನ್ನು ಹೊರಲು ಇಪ್ಪತ್ತು ಜನ ಹಮಾಲರು. ಅಲ್ಲಿನ ಗೋಡೆಯಲ್ಲಿ ಒಂದು ಬಿರುಕು ಇತ್ತು. ಅಧ್ಯಕ್ಷರು ಅದಕ್ಕೆ ಅಡ್ಡಲಾಗಿ ತಾರೀಖು ಬರೆದ ಕಾಗದದ ಪಟ್ಟಿಗಳನ್ನು ಅಂಟಿಸಿದರು. ಗೋಡೆ ಸರಿದರೆ ಕಾಗದ ಹರಿಯುತ್ತದೆ, ಲೆಕ್ಕ ಸರಳ. ನಾಲ್ಕನೇ ದಿನ ಎಲ್ಲ ಪಟ್ಟಿಗಳೂ ಹರಿದಿದ್ದವು. ಅವರು ಸಭೆ ಕರೆದು, ಮಹಡಿ ಖಾಲಿ ಮಾಡಿ ಎಂದರು.

ಸೀಸನ್ ಎದುರಿಗಿತ್ತು. ಮಾಲು ಎಲ್ಲಿಡುವುದು? ಪರದೆ ಅಂಗಡಿಯವರು ಮೆಲ್ಲಗೆ ಕೇಳಿದರು: "ಕಾಗದ ಹರಿದಿದ್ದು ಗೋಡೆಯಿಂದಲೋ, ಉಗುರಿನಿಂದಲೋ?"

ಯಾರೂ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಮರುದಿನದಿಂದ ಅವರು ಓಣಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಆಮೇಲೆ ಕತ್ತರಿಗಳ ಸದ್ದೂ ನಿಲ್ಲತೊಡಗಿತು. ಹಾಡುಹಗಲಲ್ಲಿ ನೂರು ಅಂಗಡಿಗಳು ಉಸಿರು ಹಿಡಿದು ಕೂತಿರುತ್ತಿದ್ದವು, ಕೇಳುತ್ತಿದ್ದುದು ಅವರ ಚಪ್ಪಲಿ ಮಾತ್ರ. ನಾನೂ ಕತ್ತರಿ ಕೆಳಗಿಟ್ಟವನೇ.

ಆಮೇಲೆ ಪಟ್ಟಿಗಳು ಶುರುವಾದವು. ಮೊದಲು ಅವರ ಅಂಗಡಿಯ ಬೀಗದ ಮೇಲೆ ಒಂದು ಬಿಳಿ ಕಾಗದ, ಅದರಲ್ಲಿ ಬರೀ ತಾರೀಖು. ಬಾಗಿಲು ತೆರೆದರೆ ಅದು ಅವರ ಕೈಯಲ್ಲೇ ಹರಿಯಬೇಕು. ಮಾರನೇ ದಿನ ಕುರ್ಚಿಯ ಕೈಗಳಿಗೆ ಅಡ್ಡಲಾಗಿ. ಒಂದು ಬೆಳಿಗ್ಗೆ ಅವರ ಹೆಂಡತಿ ನನ್ನ ಅಂಗಡಿಗೇ ಬಂದರು.

"ಅಣ್ಣಾ, ಮನೆ ಬಾಗಿಲಿಗೂ ಅಂಟಿಸಿದ್ದಾರೆ."

"ಕಿತ್ತು ಬಿಸಾಕಮ್ಮ."

"ಒಳಗಡೆ ಅಂಟಿಸಿದ್ದಾರೆ. ಚಿಲಕ ಹಾಕಿದ್ದು ನಾನೇ. ಅದರಲ್ಲಿರೋದು ನಾಳೆ ತಾರೀಖು."

ಅದನ್ನು ಅಂಟಿಸಿದವರು ಯಾರೆಂದು ಇಂದಿಗೂ ಯಾರೂ ಒಪ್ಪಿಕೊಂಡಿಲ್ಲ. ಅಧ್ಯಕ್ಷರು ಪೊಲೀಸರಿಗೆ ಹೇಳಲಿಲ್ಲ, ಕುರ್ಚಿಯನ್ನೂ ಬಿಡಲಿಲ್ಲ. ಆ ಮರುದಿನವೂ ಬಾಗಿಲ ಮುಂದೆ ಎರಡು ನಿಮಿಷ ನಿಂತರು. ನಂತರ ಬೀದಿಯ ನಡುವೆಯೇ ಹೇಳಿದರು: "ಬಿರುಕಿಗೆ ಪಟ್ಟಿ ನೀವೇ ಹಾಕಿ, ಗೋದಾಮಿಗೆ ಬೀಗಾನೂ ನೀವೇ ಹಾಕಿ. ವಾರ ಬಿಟ್ಟು ತೆಗೆಯೋಣ. ಹರಿಯದೆ ಇದ್ದರೆ ರಾಜೀನಾಮೆ ಕೊಡ್ತೀನಿ, ಹಮಾಲರು ಮೂಟೆ ಹೊತ್ತು ಮತ್ತೆ ಮೇಲಕ್ಕೆ ಹೋಗಲಿ."

ನಾವು ಬುದ್ಧಿವಂತರು. ಕಾಗದವನ್ನು ಯಾರು ಬೇಕಾದರೂ ಹರಿಯಬಹುದು ಎಂದು ನನ್ನ ಅಂಗಡಿಯ ಗಟ್ಟಿ ಬಟ್ಟೆಯನ್ನೇ ಏಳು ಪಟ್ಟಿ ಕತ್ತರಿಸಿ ಅಂಟಿಸಿದೆವು. ನೀರು ಕೂಡ ಇಳಿಯದಷ್ಟು ಒತ್ತಾದ ನೇಯ್ಗೆ. ಬಟ್ಟೆಯವರಿಗೆ ಬಟ್ಟೆಯ ಮೇಲಿರುವಷ್ಟು ನಂಬಿಕೆ ಬೇರೆ ಯಾವುದರ ಮೇಲಿರುತ್ತದೆ?

ನನ್ನ ಅಂಗಡಿ ಆ ಗೋದಾಮಿನ ಕೆಳಗೇ. ಆ ವಾರ ಮಧ್ಯಾಹ್ನದ ಹೊತ್ತು, ಬೀಗ ಹಾಕಿದ, ಯಾರೂ ಇಲ್ಲದ ಮಹಡಿಯಲ್ಲಿ ಯಾರೋ ಸುತ್ತಿಟ್ಟ ಬಟ್ಟೆಯ ಥಾನು ಬಿಚ್ಚುತ್ತಿರುವಂಥ ಸದ್ದು ಕೇಳುತ್ತಿತ್ತು. ಸ್ವಲ್ಪ ಬಿಚ್ಚಿ, ನಿಲ್ಲಿಸಿ, ಮತ್ತೆ ಸ್ವಲ್ಪ. ನಾನು ಯಾರಿಗೂ ಹೇಳಲಿಲ್ಲ. ಮೇಲಿದ್ದ ಮಾಲಿನಲ್ಲಿ ಅರ್ಧ ನನ್ನದು.

ಎಂಟನೇ ದಿನ ಬೀಗ ತೆಗೆದೆವು. ಏಳೂ ಪಟ್ಟಿಗಳು ಇಡಿಯಾಗಿದ್ದವು. ಎಷ್ಟೋ ದಿನಗಳ ಮೇಲೆ ನಮ್ಮ ಜನ ನಕ್ಕರು. ಮೆಟ್ಟಿಲ ಮೇಲೆ ಹಮಾಲರು ಹಗ್ಗ ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದರು.

ಪರದೆ ಅಂಗಡಿಯವರು ಜೇಬಿನಿಂದ ಕಾಗದ ತೆಗೆದರು. "ರಾಜೀನಾಮೆ ಬರೆದೇ ತಂದಿದ್ದೀನಿ. ತಮ್ಮದೊಂದು ಸಹಿ."

"ಹಾಕ್ತೀನಿ," ಎಂದರು ಅಧ್ಯಕ್ಷರು. "ಅದಕ್ಕೆ ಮೊದಲು ಸಾಹುಕಾರರು ಒಂದ್ಸಲ ಬಟ್ಟೆ ಮುಟ್ಟಿ ನೋಡಲಿ. ಅವರು ಸರಿ ಅಂದರೆ ಸರಿ."

ಇಷ್ಟು ಜನರಲ್ಲಿ ನನ್ನನ್ನೇ ಕರೆಯಬೇಕೆ! ಹತ್ತಿರ ಹೋದೆ. ಕಣ್ಣು ಮುಚ್ಚಿಕೊಂಡು ಬಟ್ಟೆಯ ಗುಣ ಹೇಳುವ ಬೆರಳುಗಳು ಇವು. ಪಟ್ಟಿ ಬಿಗಿದ ತಂತಿಯಾಗಿತ್ತು. ಎಳೆಗಳು ಒಂದರಿಂದ ಒಂದು ದೂರ ಸರಿದು, ಜರಡಿಯಲ್ಲಿ ಕಂಡಂತೆ ಹಿಂದಿನ ಕಪ್ಪು ಕಾಣುತ್ತಿತ್ತು. ಅಂಟಿಸಿದ ದಿನ ಆ ಬಿರುಕಿಗೆ ಉಗುರು ಹೋಗುತ್ತಿತ್ತು. ಈಗ ಹೆಬ್ಬೆರಳು ಹೋಗುವಂತಿತ್ತು. ಬಟ್ಟೆ ಹರಿದಿರಲಿಲ್ಲ, ಹಿಗ್ಗಿತ್ತು. ನನ್ನ ಬೆರಳ ಕೆಳಗೇ ಒಂದು ಎಳೆ ತಾನಾಗಿ ಟಪ್ಪೆಂದು ಕಡಿದುಹೋಯಿತು. ನನ್ನನ್ನು ಬಿಟ್ಟರೆ ಯಾರಿಗೂ ಅದು ಕೇಳಿಸಲಿಲ್ಲ.

"ಹೇಳಿ ಸಾಹುಕಾರರೇ, ಗಟ್ಟಿ ಇದೆಯಲ್ಲ?" ಎಂದರು ಪರದೆ ಅಂಗಡಿಯವರು.

ಗಟ್ಟಿ ಇದೆ ಎನ್ನುವುದು ನಾನು ದಿನಕ್ಕೆ ನೂರು ಸಲ ಹೇಳುವ ಮಾತು. ಅದು ಗಂಟಲಿನವರೆಗೂ ಬಂತು. ಹಮಾಲರಲ್ಲಿ ಮುಂದಿದ್ದವನು ಆಗಲೇ ಒಳಗೆ ಹೆಜ್ಜೆ ಇಟ್ಟಿದ್ದ.

"ನೇಯ್ಗೆ ಬಿಟ್ಟಿದೆ," ಎಂದೆ. "ಗೋಡೆ ನಡೀತಾ ಇದೆ. ಏ, ಹಿಂದಕ್ಕೆ ಸರಿಯಪ್ಪಾ."

ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿದರು. ಪರದೆ ಅಂಗಡಿಯವರು ಕೊನೆಗೆ ಮುಟ್ಟಿ, ಕಾಗದ ಮಡಿಸಿ ಜೇಬಿಗಿಟ್ಟರು. ಕ್ಷಮೆ ಯಾರೂ ಕೇಳಲಿಲ್ಲ, ನಮ್ಮಲ್ಲಿ ಆ ಪದ್ಧತಿಯಿಲ್ಲ. ಅಧ್ಯಕ್ಷರು ಕೆಳಗಿನ ಅಂಗಡಿಗಳನ್ನೂ ತೆರವು ಮಾಡಿಸಿದರು. ಇದ್ದವರು ಇದ್ದಂತೆ, ಬಾಗಿಲ ಹತ್ತಿರದ ಮೂಟೆಗಳನ್ನಷ್ಟೇ ಎಳೆದುಕೊಂಡು ಇಳಿಯತೊಡಗಿದೆವು. ಉಳಿದದ್ದು ಹೋದರೆ ಹೋಗಲಿ ಎಂದರು ಅಧ್ಯಕ್ಷರು. ಅದರಲ್ಲಿ ಹೆಚ್ಚಿನದು ನನ್ನದು.

ಮೆಟ್ಟಿಲ ಮೇಲೆ ಅವರನ್ನು ಕೇಳಿದೆ: "ನಾನು ಸುಳ್ಳು ಹೇಳಿದ್ದರೆ?"

"ಹೇಳ್ತೀರಿ ಅಂತಲೇ ಅಂದ್ಕೊಂಡಿದ್ದೆ," ಎಂದರು. "ನಾನು ನಂಬಿದ್ದು ದೇವರನ್ನ. ನಿಮ್ಮನ್ನಲ್ಲ."

ಅವರ ಕೈಗಳು ಎಲೆಯಂತೆ ನಡುಗುತ್ತಿದ್ದವು. ನಾನು ನೋಡುತ್ತಿರುವುದು ಗೊತ್ತಾಗಿ, "ಬಾಗಿಲಿಗೆ ಆ ಪಟ್ಟಿ ಅಂಟಿಸೋಕೆ ಶುರುವಾದಾಗಿನಿಂದ ಹೀಗೇ," ಎಂದು, ಕಾಲ ಬಳಿಯ ಮೂಟೆಯನ್ನು ತೋರಿಸಿದರು. "ಆ ಕಡೆ ಹಿಡ್ಕೊಳ್ಳಿ. ಒಬ್ಬನಿಗೆ ಆಗಲ್ಲ."