ಯತಿರಾಜರ ಕಾರಿನ ನೀಲಿ ಹೊಗೆ

ದೇವಳಾಲಿ ಕ್ಯಾಂಪಿನ ಬಜಾರಿನಲ್ಲಿ ನನ್ನ ಹೊಲಿಗೆ ಅಂಗಡಿ. ಸೈನಿಕರ ಸಮವಸ್ತ್ರಗಳನ್ನು ಮೈಗೆ ಸರಿಯಾಗಿ ಕೂರುವಂತೆ ಮಾಡಿಕೊಡುವುದು ನನ್ನ ಇಪ್ಪತ್ತೆರಡು ವರ್ಷದ ಕೆಲಸ. ಎದುರಿಗೆ ಜಯಮಾಲಾಳ ಗ್ಯಾರೇಜು. ಅವಳ ಬಗ್ಗೆ ಬರೆಯುವ ಮೊದಲು ಒಂದು ತಪ್ಪು ಒಪ್ಪಿಕೊಳ್ಳಬೇಕು. ಬಜಾರಿನ ಹೋಟೆಲಿನಲ್ಲಿ ಎಲ್ಲರೂ ಅವಳ ಕೆಲಸದ ಬಗ್ಗೆ ಆಡಿಕೊಂಡು ನಕ್ಕ ದಿನ ನಾನು ನಕ್ಕಿದ್ದಷ್ಟೇ ಅಲ್ಲ, ನನ್ನದೂ ಒಂದು ಗಾದೆ ಸೇರಿಸಿದ್ದೆ.

ಅವಳು ಭಾಲ್ಕಿ ಕಡೆಯಿಂದ ಬಂದ ಉಮಾನಾಥ ಮಿಸ್ತ್ರಿಯ ಮಗಳು. ಛತ್ರಪತಿ ಸಂಭಾಜಿನಗರದ ಒಂದು ಕಾರ್ಖಾನೆಯಲ್ಲಿ ಮೂರು ವರ್ಷ ಎಂಜಿನ್ ಪರೀಕ್ಷಿಸುವ ಕೆಲಸದಲ್ಲಿದ್ದಳು. ಅಪ್ಪ ತೀರಿಕೊಂಡ ಹದಿನೈದನೇ ದಿನಕ್ಕೆ ಬಂದು ಅವನ ಗ್ಯಾರೇಜಿನ ಷಟರ್ ಎತ್ತಿದಳು. ಹೆಂಗಸಿನ ಕೈಗೆ ಗಾಡಿ ಕೊಡುವುದೇ ಎಂದು ಮೂಗು ಮುರಿದವರಿಗೆ ಅವಳದು ಒಂದೇ ಉತ್ತರ. “ಯಾರು ಮುಟ್ಯಾರಂತ ಗಾಡಿಗಿ ಗೊತ್ತಾಗಲ್ರಿ. ಹ್ಯಾಂಗ ಮುಟ್ಯಾರಂತ ಗೊತ್ತಾಗ್ತದ.” ಆರು ವರ್ಷದಲ್ಲಿ ಮೂಗು ಮುರಿದವರೇ ಸಾಲಾಗಿ ಗಾಡಿ ತಂದು ನಿಲ್ಲಿಸತೊಡಗಿದ್ದರು.

ಯತಿರಾಜರು ಕುಂದಾಪುರದ ಕಡೆಯವರು. ಅವರ ಒಂದು ಹೋಟೆಲು ನಮ್ಮ ಬಜಾರಿನಲ್ಲಿ, ಇನ್ನೊಂದು ಸಂಭಾಜಿನಗರದಲ್ಲಿ. ಎರಡರ ನಡುವೆ ಓಡಾಡಲು ಹೊಸ ಟರ್ಬೊ ಕಾರು. ದೀಪಾವಳಿ ಮುಗಿದ ಮೇಲೆ ಜಯಮಾಲಾ ಅದರ ಎಂಜಿನ್ ಆಯಿಲ್ ಬದಲಿಸಿದ್ದಳು. ಒಂದೂವರೆ ತಿಂಗಳಾದ ಮೇಲೆ, ಚಳಿ ಬಿದ್ದಾಗ, ದಿನಾ ಬೆಳಿಗ್ಗೆ ಕಾರು ಚಾಲೂ ಮಾಡಿದ ಕೂಡಲೇ ಸೈಲೆನ್ಸರಿನಿಂದ ನೀಲಿ ಹೊಗೆ ಬರತೊಡಗಿತು. ಎರಡು ನಿಮಿಷ ಇದ್ದು ಮಾಯವಾಗುತ್ತಿತ್ತು. ಸಂಭಾಜಿನಗರದ ಯಾವುದೋ ದೊಡ್ಡ ವರ್ಕ್‌ಶಾಪಿನಲ್ಲಿ ಒಂದು ಪೈಪು ಬಿಚ್ಚಿ, ಒಳಗೆ ಎಣ್ಣೆ ಕಂಡು, ಟರ್ಬೊ ಹೋಗಿದೆ, ಹಿಂದೆ ಕೈ ಹಾಕಿದವರು ಕೆಟ್ಟ ಆಯಿಲ್ ಹಾಕಿದ್ದಾರೆ ಎಂದರಂತೆ.

ಅಷ್ಟು ಸಾಕಾಯಿತು. ಮರುದಿನ ನಾಷ್ಟಾದ ಹೊತ್ತಿಗೆ ಯತಿರಾಜರು ಗಲ್ಲಾದಲ್ಲಿ ಕೂತು, ಆ ಹೆಂಗಸು ನನ್ನ ಗಾಡಿ ಹಾಳು ಮಾಡಿದಳು ಎಂದು ಬಂದವರಿಗೆಲ್ಲ ಹೇಳಿದರು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ನಾಲ್ಕು ಜನ ತಲೆಯಾಡಿಸಿದರು. ಸುದ್ದಿ ಮುಟ್ಟಿ ಜಯಮಾಲಾ ಅಲ್ಲಿಗೇ ಬಂದಳು. ಕಾರು ಈಗಷ್ಟೇ ಬಂದು ಹೊರಗೇ ನಿಂತಿದೆ, ಈಗಲೇ ನೋಡಿ ಎಂದರು ಯತಿರಾಜರು. ಬಿಸಿ ಎಂಜಿನ್ನಿನಲ್ಲಿ ಈ ಕಾಯಿಲೆ ಕಾಣುವುದಿಲ್ಲ, ಗಾಡಿ ರಾತ್ರಿಯಿಡೀ ತಣ್ಣಗೆ ನಿಲ್ಲಬೇಕು ಎಂದಳು ಅವಳು.

“ಕುಣಿಯಲಾರದವಳಿಗೆ ನೆಲ ಡೊಂಕು,” ಎಂದೆ ನಾನು, ಬಾಯಲ್ಲಿ ಇಡ್ಲಿ ಇಟ್ಟುಕೊಂಡು. ಹೋಟೆಲೇ ನಕ್ಕಿತು.

ಅವಳು ನನ್ನ ಕಡೆ ಒಮ್ಮೆ ನೋಡಿದಳು, ಆಮೇಲೆ ಯತಿರಾಜರ ಕಡೆ ತಿರುಗಿದಳು. “ಅಣ್ಣಾರ, ಗಾಡಿ ಎರಡು ರಾತ್ರಿ ನನ್ನ ಹಂತ್ಯಾಕ ಬಿಡ್ರಿ. ತಪ್ಪು ನಂದಿದ್ರ ಷಟರ್ ಇಳಸಿ ಬಿಡ್ತೀನಿ, ಮತ್ತ ಎತ್ತಲ್ಲ. ನಂದಲ್ಲಂದ್ರ ಇದ ಗಲ್ಲಾದ ಮುಂದ ನೀವು ಹೇಳಬೇಕು.”

ಯತಿರಾಜರು ಒಪ್ಪಿ ಸಂಜೆ ಕಾರು ತಂದು ಬಿಟ್ಟರು. ಆ ಎರಡು ದಿನ ಅವಳ ಗ್ಯಾರೇಜಿನ ಮುಂದೆ ಬೇರೆ ಗಾಡಿ ನಿಲ್ಲಲಿಲ್ಲ. ಬೆಳಿಗ್ಗೆ ಚಾಲೂ ಆಗದ ನನ್ನ ಸ್ಕೂಟರನ್ನೂ ನಾನು ಕದ್ದುಮುಚ್ಚಿ ಸ್ಟೇಶನ್ ಹತ್ತಿರದ ಮಿಸ್ತ್ರಿಗೆ ಕೊಟ್ಟುಬಂದೆ. ನಾಚಿಕೆಗೇಡಿನ ಕೆಲಸ ಎಂದು ಆಗಲೂ ಗೊತ್ತಿತ್ತು.

ಮೊದಲ ಬೆಳಿಗ್ಗೆ ಅವಳು ನನ್ನಲ್ಲಿಗೆ ಬಂದು ಅಸ್ತರಿನ ಬಿಳಿ ಬಟ್ಟೆಯ ಎರಡು ತುಂಡು ಕೇಳಿದಳು. ಕುತೂಹಲಕ್ಕೆ ನಾನೂ ಹಿಂದೆ ಹೋದೆ. ಕಾರು ಮಂಜಿನಲ್ಲಿ ತಣ್ಣಗೆ ನಿಂತಿತ್ತು. ಯತಿರಾಜರು ಮಫ್ಲರ್ ಸುತ್ತಿಕೊಂಡು ಬಂದಿದ್ದರು. ಅವಳು ಕಾರು ಚಾಲೂ ಮಾಡುವ ಮೊದಲೇ ಆಯಿಲ್ ಅಳೆಯುವ ಕಡ್ಡಿ ಎಳೆದು ತೋರಿಸಿದಳು. ಎಣ್ಣೆ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು. ಆಮೇಲೆ ಸೆಲ್ಫ್ ಹೊಡೆದಳು. ನೀಲಿ ಹೊಗೆ ಬುಸ್ಸೆಂದಿತು, ಸುಟ್ಟ ಎಣ್ಣೆಯ ವಾಸನೆ. ಸೈಲೆನ್ಸರಿಗೆ ಹಿಡಿದ ಬಟ್ಟೆಯ ಮೇಲೆ ಕಂದು ಜಿಡ್ಡಿನ ಚುಕ್ಕೆಗಳು ಬಿದ್ದವು.

“ನಾನು ಎಂತ ಹೇಳಿದ್ದೆ?” ಎಂದರು ಯತಿರಾಜರು, ಗೆದ್ದವರಂತೆ.

ತಾನು ಹಾಕಿದ್ದು ಗೆರೆಗೆ ಸರಿಯಾಗಿ, ಆಮೇಲೆ ಇದಕ್ಕೆ ಎಣ್ಣೆ ಹಾಕಿದವರು ಯಾರು ಎಂದು ಜಯಮಾಲಾ ಕೇಳಿದಳು.

“ನಾನೇ. ಶನಿವಾರ ಶನಿವಾರ ಒಂದು ಲೋಟ. ಬಾಣಲೆಯಲ್ಲಿ ಎಣ್ಣೆ ಇಳೀಲಿಕ್ಕೆ ಬಿಡ್ಬಾರ್ದು ಮಾರಾಯ್ತಿ, ಬಿಟ್ರೆ ಗೋಳಿಬಜೆ ಕಪ್ಪಾಗ್ತದೆ. ಎಂಜಿನ್ ಆದ್ರೂ ಅಷ್ಟೇ ಅಲ್ವಾ?”

ಸಂಭಾಜಿನಗರದಿಂದ ಬಂದು ಎಂಜಿನ್ ಆರಿಸಿದ ಕೂಡಲೇ ಅವರು ಕಡ್ಡಿ ಎಳೆಯುತ್ತಿದ್ದರಂತೆ. ಆಗ ಎಣ್ಣೆ ಇನ್ನೂ ಎಂಜಿನ್ನಿನ ಮೇಲ್ಭಾಗದಲ್ಲೇ ಇರುತ್ತದೆ, ಕಡ್ಡಿಯಲ್ಲಿ ಕಡಿಮೆ ಕಾಣುತ್ತದೆ. ನಲವತ್ತು ವರ್ಷ ಬಾಣಲೆ ನೋಡಿಕೊಂಡ ಕೈ ಸುಮ್ಮನಿರುತ್ತದೆಯೇ, ಲೋಟ ಎತ್ತಿ ಸುರಿದಿದೆ. ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪುಟ್ಟ ಫ್ಯಾನು, ಅದಕ್ಕೆ ಹೋದ ಎಣ್ಣೆ ತಾನಾಗಿ ಕೆಳಗೆ ಎಣ್ಣೆ ನಿಲ್ಲುವ ಚೇಂಬರಿಗೆ ಇಳಿಯಬೇಕು ಎಂದು ಜಯಮಾಲಾ ವಿವರಿಸಿದಳು. ಚೇಂಬರೇ ತುಂಬಿದ್ದರೆ ಇಳಿಯಲು ಜಾಗವೆಲ್ಲಿ? ರಾತ್ರಿಯೆಲ್ಲ ಅದು ಪೈಪಿನೊಳಗೆ ಜಿನುಗುತ್ತದೆ, ಬೆಳಿಗ್ಗೆ ಸುಟ್ಟು ಹೊಗೆಯಾಗುತ್ತದೆ. ಟರ್ಬೊಗೆ ಏನೂ ಆಗಿಲ್ಲ ಎಂದಳು. ಹೆಚ್ಚಿನ ಎಣ್ಣೆಯನ್ನು ಅಳತೆಯ ಡಬ್ಬಿಗೆ ಇಳಿಸಿದಳು. ಒಂದು ಲೀಟರಿಗೂ ಮೇಲಿತ್ತು. ಪೈಪುಗಳನ್ನು ತೊಳೆದು, ಕಾರನ್ನು ಓಝರ್ ಊರಿನವರೆಗೆ ಓಡಿಸಿ ತಂದು ಮತ್ತೆ ರಾತ್ರಿಗೆ ನಿಲ್ಲಿಸಿದಳು.

ಎರಡನೇ ಬೆಳಿಗ್ಗೆ ಚಳಿ ಇನ್ನೂ ಹೆಚ್ಚಿತ್ತು. ಅವಳು ಸೆಲ್ಫ್ ಹೊಡೆದಾಗ ನಾನು ಸೈಲೆನ್ಸರಿನತ್ತ ಬಗ್ಗಿದೆ. ತೆಳ್ಳನೆಯ ಬಿಳಿ ಹಬೆ ಬಂದು ಗಾಳಿಯಲ್ಲಿ ಕರಗಿತು. ಎರಡನೇ ಬಟ್ಟೆ ಬರೀ ಒದ್ದೆಯಾಗಿತ್ತು.

“ಆಯ್ತು ತಂಗಿ, ನಿಮ್ಮದು ತಪ್ಪಿಲ್ಲ. ವಿಷಯ ಇಲ್ಲಿಗೇ ಬಿಡುವ,” ಎಂದು ಯತಿರಾಜರು ಕೀಲಿಗೆ ಕೈ ಚಾಚಿದರು.

ಅವಳು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನೆಟ್ಟಗೆ ಹೋಟೆಲಿಗೆ ನಡೆದಳು. ಹಿಂದೆ ಅವರು, ಅವರ ಹಿಂದೆ ನಾನು. ನಾಷ್ಟಾದ ಹೊತ್ತು, ಒಂದು ಕುರ್ಚಿಯೂ ಖಾಲಿಯಿರಲಿಲ್ಲ. ಯತಿರಾಜರು ಗಂಟಲು ಸರಿಮಾಡಿಕೊಂಡು, ಎಣ್ಣೆ ಜಾಸ್ತಿ ಹಾಕಿದ್ದು ತಾವೇ, ಗ್ಯಾರೇಜಿನ ತಪ್ಪಿಲ್ಲ ಎಂದರು.

“ಬೈಯುವಾಗ ಗ್ಯಾರೇಜಿಗಿ ಬೈದಿಲ್ರಿ, ಆ ಹೆಂಗಸು ಅಂದ್ರಿ. ಈಗ ಹೆಸರು ಹಿಡಿದು ಹೇಳ್ರಿ.”

ಯತಿರಾಜರು ಗಲ್ಲಾದ ಪೆಟ್ಟಿಗೆ ನೋಡಿದರು, ಜನರನ್ನು ನೋಡಿದರು. “ಜಯಮಾಲಾ ಅವರದ್ದು ಎಂತ ತಪ್ಪೂ ಇಲ್ಲ.”

ಅವಳು ಕೀಲಿಯನ್ನು ಗಲ್ಲಾದ ಮೇಲಿಟ್ಟು ನನ್ನತ್ತ ತಿರುಗಿದಳು. ಸ್ಟೇಶನ್ ಕಡೆ ಒಯ್ದ ಸ್ಕೂಟರ್ ಸುಧಾರಿಸಿತೇ ಎಂದು ಕೇಳಿದಳು. ಸುಧಾರಿಸಿರಲಿಲ್ಲ, ಹಾಗೇ ಮನೆಗೆ ವಾಪಸ್ ತಂದಿಟ್ಟಿದ್ದೆ.

“ನಾಳಿ ಮುಂಜಾನಿ ತರ್ರಿ, ಶಿವಲಿಂಗಣ್ಣ. ಚಾಲೂ ಮಾಡಬ್ಯಾಡ್ರಿ, ಎಂಜಿನ್ ತಣ್ಣಗಿರಬೇಕು. ತಳ್ಳಿಕೋತ ಬರ್ರಿ.”

ನನ್ನ ಮನೆ ಇರುವುದು ಕ್ಯಾಂಪಿನ ಆ ತುದಿಗೆ. ಮರುದಿನ ಬಜಾರಿನ ನಟ್ಟನಡುವೆ ಸ್ಕೂಟರ್ ತಳ್ಳಿಕೊಂಡು, ಆ ಚಳಿಯಲ್ಲೂ ಬೆವರುತ್ತ ಹೋದೆ. ಹೋಟೆಲಿನ ಬಾಗಿಲಲ್ಲಿ ನಿಂತಿದ್ದ ಯತಿರಾಜರು ಪೆಟ್ರೋಲು ಮುಗಿಯಿತೇ ಎಂದು ಕೇಳಿದರು.

“ಇಲ್ರಿ. ಜಯಮಾಲಾ ಹೇಳ್ಯಾಳ, ತಣ್ಣಗಿದ್ದಾಗ ತರಬೇಕಂತ,” ಎಂದೆ, ಒಳಗೆ ಇಡ್ಲಿ ತಿನ್ನುತ್ತಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿ.