ವಿನೋಬನಗರದ ಹಿತ್ತಲಿನ ಚೇಂಬರ್

ಕೊರೊನಾ ಮುಗಿದ ಮರುವರ್ಷ ಹರಿಹರದ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಿಂದ ನಿವೃತ್ತನಾದೆ. ಮನೆಯಲ್ಲಿ ಕೂತು, ಸರಿಯಿದ್ದ ಮಿಕ್ಸಿ ಬಿಚ್ಚಿ ಹೆಂಡತಿಯಿಂದ ಬೈಸಿಕೊಳ್ಳುವ ಬದಲು, ಮನೆಗಳಿಗೆ ಜಿಯೋಥರ್ಮಲ್ ಪೈಪ್ ಹಾಕಿಸುವ ಕೆಲಸ ಹಿಡಿದೆ. ಚಳಿದೇಶಗಳಲ್ಲಿ ಇದು ಮನೆಯನ್ನು ಬೆಚ್ಚಗಿಡುತ್ತದೆ. ನಮ್ಮ ಬಿಸಿಲಿಗೆ ಉಲ್ಟಾ. ಕೋಣೆಯ ಶಾಖ ಹೀರಿದ ನೀರು ನೆಲದಾಳದ ಪೈಪಿನಲ್ಲಿ ಸುತ್ತಿ, ಶಾಖವನ್ನು ಮಣ್ಣಿಗೆ ಬಿಟ್ಟು ತಂಪಾಗಿ ಮರಳುತ್ತದೆ.

ದಾವಣಗೆರೆಯ ವಿನೋಬನಗರದ ರಹಮತ್ ಸಾಬರು ಮಂಡಕ್ಕಿ ಭಟ್ಟಿ ನಡೆಸುವವರು. ಮಗಳು ಜುಬೇದಾಗೆ ನರಗಳ ಕಾಯಿಲೆ. ಮೈ ಬಿಸಿಯೇರಿದರೆ ಕಾಲು ಸೋಲುತ್ತಿತ್ತು, ಕಣ್ಣು ಮಂಜಾಗುತ್ತಿತ್ತು. ಏಸಿ ಇತ್ತು, ಬೇಸಿಗೆಯಲ್ಲಿ ಕರೆಂಟೇ ಇರುತ್ತಿರಲಿಲ್ಲ. ನನ್ನ ಪುಟ್ಟ ಪಂಪು ಇನ್ವರ್ಟರ್‌ ಮೇಲೆಯೇ ಓಡಬಲ್ಲದು.

“ಒಂದ್ ಕೋಣೆ ತಂಪಾದ್ರೆ ಸಾಕ್ರಿ, ನನ್ ಮಗಳು ಎದ್ದು ಓಡಾಡ್ತಾಳ,” ಅಂದರು ಸಾಬರು.

ಕಿರಿದಾದ ಹಿತ್ತಲಿನಲ್ಲಿ ಪಕ್ಕದ ಮನೆಯ ಗೋಡೆಗುಂಟ ಹತ್ತಡಿ ಆಳದ ಕಾಲುವೆ ತೋಡಿ ಪೈಪು ಹಾಸಿದೆವು. ಕೊಳವೆಗಳೆಲ್ಲ ಕೂಡುವ ಜಾಗದಲ್ಲಿ ಒಬ್ಬರು ಇಳಿದು ವಾಲ್ವ್ ತಿರುಗಿಸಲು ಇಟ್ಟಿಗೆಯ ಚೇಂಬರ್ ಕಟ್ಟಿಸಿದೆ. ಗೋಡೆಗೆ ಕಬ್ಬಿಣದ ಮೆಟ್ಟಿಲುಗಳು. ಅಗೆದ ಎರೆಮಣ್ಣನ್ನೇ ನೆನೆಸಿ ಪೈಪಿಗೆ ಒತ್ತಿ ಮುಚ್ಚಿಸಿ ಎಂದು ಹೇಳಿ ಊರಿಗೆ ಹೋದೆ.

ವಾರ ಬಿಟ್ಟು ಬಂದು ಪಂಪು ಹಾಕಿದರೆ, ಹೋದ ನೀರು ಹೋದಷ್ಟೇ ಬಿಸಿಯಾಗಿ ವಾಪಸು ಬಂತು. ಪಂಪು, ವಾಲ್ವು ಎಲ್ಲ ಸರಿಯಿತ್ತು. ತಲೆ ಕೆಟ್ಟು ಚೇಂಬರಿಗಿಳಿದು, ಪೈಪು ಒಳಬರುವಲ್ಲಿ ಎರಡು ಇಟ್ಟಿಗೆ ಕಿತ್ತೆ. ಮಣ್ಣು ಬೀಳಲಿಲ್ಲ. ಉಮಿಬೂದಿ ಸುರಿಯಿತು.

ಎರೆಮಣ್ಣು ಬಿಸಿಲಿಗೆ ಬಿರಿದು ಪೈಪು ಒಡೆದೀತೆಂದು ಸಾಬರು ತಮ್ಮ ಭಟ್ಟಿಯ ಬೂದಿಯನ್ನೇ ಗಾಡಿಗಟ್ಟಲೆ ತಂದು ತುಂಬಿಸಿದ್ದರು. ಮಗಳಿಗಾಗಿ ತಾವೇ ನಿಂತು ಮಾಡಿಸಿದ ಕೆಲಸ. ಬೂದಿ ಶಾಖವನ್ನು ದಾಟಗೊಡುವುದಿಲ್ಲ. ಕೆಳಗಿಳಿದು ಬಂದ ಅವರು ಪೈಪಿನ ಸುತ್ತಲಿನ ಬೂದಿ ಮುಟ್ಟಿ ನೋಡಿದರು. ಪೈಪಿನ ಬಳಿ ಬಿಸಿ, ಗೇಣು ದೂರದಲ್ಲಿ ತಣ್ಣಗೆ. ನಾನು ವಿವರಿಸುವ ಅಗತ್ಯ ಬೀಳಲಿಲ್ಲ.

“ಕೆಂಡ ಆರಬಾರ್ದು ಅಂತ ದಿನಾ ರಾತ್ರಿ ಬೂದಿ ಮುಚ್ಚೋನು ನಾನು. ನನಗೇ ಹೊಳೀಲಿಲ್ಲಲ್ರಿ!”

ಮತ್ತೆ ಅಗೆಯೋಣವೆಂದರೆ ಅಷ್ಟರಲ್ಲಿ ಮಳೆ ಹಿಡಿಯಿತು. ಎರೆನೆಲ ಉಬ್ಬಿ ಪಕ್ಕದವರ ಗೋಡೆ ಬಿರುಕುಬಿಟ್ಟಿತು. “ಇನ್ನೊಂದ್ ಸಲ ಗುದ್ದಲಿ ಹಾಕಿದ್ರೆ ಮನೆ ನಮ್ ಮೈಮ್ಯಾಲ ಬೀಳ್ತೈತಿ, ಬ್ಯಾಡ,” ಅಂದರು ಪಕ್ಕದ ಮನೆಯವರು. ಅವರ ಮಾತೂ ಸುಳ್ಳಲ್ಲ. ಹಿತ್ತಲಿನಲ್ಲಿ ಬೇರೆ ಜಾಗವಿರಲಿಲ್ಲ. ನನಗೆ ಅಳು ಬರುವಷ್ಟು ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಮಳೆ ಬಿಟ್ಟ ಒಂದು ದಿನ ಸಾಬರು ಚೇಂಬರಿನ ಮುಚ್ಚಳ ತೆಗೆಸಿದರು. ಆ ಮನೆಯಲ್ಲಿ ತಂಪಾಗಿದ್ದ ಜಾಗ ಅದೊಂದೇ.

“ಇಂಜಿನಿಯರ್ ಸಾಹೇಬ್ರ, ಇದನ್ನೇ ಸ್ವಲ್ಪ ಅಗಲ ಮಾಡಿ ಕೊಡ್ರಿ. ಮಧ್ಯಾಹ್ನ ಇವಳನ್ನ ಎತ್ಕೊಂಡು ಇಳಿಸ್ತೀನಿ, ಒಳಗ ಕೂಡ್ತಾಳ.”

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಜುಬೇದಾ ನಕ್ಕಳು. “ಅಬ್ಬಾ, ಜೀವ ಇರೋವಾಗ್ಲೇ ಕುಣಿಗೆ ಇಳಿಸ್ತೀಯೇನು?”

ಸಾಬರು ತಾವೇ ಮುಚ್ಚಳ ಎಳೆದು ಹಾಕಿದರು. ಮುಂದಿನ ಬೇಸಿಗೆ ಹೊತ್ತಿಗೆ ಅವಳು ಬೆಳಗಿನ ತಂಪಿನಲ್ಲೂ ಏಳುತ್ತಿರಲಿಲ್ಲ.

ದೋಷ ಸಿಕ್ಕರೆ ಅರ್ಧ ರಿಪೇರಿ ಆದಂತೆ ಎಂದು ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆಲ್ಲ ಹೇಳಿಕೊಡುತ್ತಿದ್ದೆ. ವಿನೋಬನಗರದಲ್ಲಿ ದೋಷ ಪೂರ್ತಿಯಾಗಿಯೇ ಸಿಕ್ಕಿತ್ತು. ಆಮೇಲೆ ಆ ಮಾತನ್ನು ನಾನು ಯಾರಿಗೂ ಹೇಳಿಲ್ಲ.