ಸೀರೆಯ ಆಚೆಗೊಂದು ಚುಕ್ಕಿ

"ಅಕ್ಕಾರ, ಇದರಾಗ ನಮ್ಮ ಮನಿ ಯಾವುದ್ರಿ?" ಸಿಕಂದರಾಬಾದಿನ ಕಟ್ಟಡ ಕೆಲಸಗಾರರ ಶೆಡ್ಡುಗಳ ನಡುವೆ ನಿಂತಿದ್ದ ನನ್ನ ಮೊಬೈಲಿನೊಳಗೆ ಇಣುಕಿ, ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಕೇಳಿದಳು. ನೀರು ಹಂಚುವ ನಮ್ಮ ತಂಡದ ನಕ್ಷೆಯಲ್ಲಿ ಮನೆಗೊಂದು ಚುಕ್ಕಿ. ಚುಕ್ಕಿಗೊಂದು ಡ್ರಮ್ ಕುಡಿಯುವ ನೀರು. ಅವಳ ಶೆಡ್ಡಿನ ಮೇಲೆ ಎರಡು ಚುಕ್ಕಿಗಳಿದ್ದವು. ಯಾರೋ ತಪ್ಪಿ ಎರಡು ಸಲ ಗುರುತು ಹಾಕಿದ್ದಾರೆಂದುಕೊಂಡು ನಾನು ಆಗಷ್ಟೇ ಒಂದನ್ನು ಅಳಿಸಿದ್ದೆ.

ಅದನ್ನು ಹೇಳಿದಾಗ ಅವಳು ನಕ್ಕು, ತಗಡಿನ ಬಾಗಿಲು ಸರಿಸಿದಳು. ಒಳಗೆ ಅಡ್ಡಲಾಗಿ ಒಂದು ಹಳೆಯ ಸೀರೆ ಕಟ್ಟಿತ್ತು. ಅದರ ಎರಡೂ ಬದಿಗೆ ಒಂದೊಂದು ಒಲೆ.

"ಆ ಕಡೆ ನನ್ನ ತಂಗಿ ಮನಿ ಐತ್ರಿ. ಅಕಿ ಪಾಲಿನ ನೀರೂ ಅಳಸಿಬಿಟ್ರೇನ್ರಿ?"

ಅಲ್ಲೇ ನಿಂತು ಆ ಚುಕ್ಕಿಯನ್ನು ಮತ್ತೆ ಇಟ್ಟೆ. ಈಗ ಒಂದೇ ಜಾಗದಲ್ಲಿ ಎರಡು ಚುಕ್ಕಿ ಕಂಡರೆ, ಅಳಿಸುವ ಮುಂಚೆ ಒಳಗೆ ಸೀರೆ ಕಟ್ಟಿದೆಯೇ ಎಂದು ಹೋಗಿ ನೋಡುತ್ತೇನೆ.